ಕ್ರಿಸ್ಮಸ್ ದ್ವೀಪದ ಕೆಂಪು ಯಾತ್ರಿಕರು

ಯಾತ್ರೆಯೆಂಬುದು ಮನುಷ್ಯನಿಗೆ ಮಾತ್ರ ಮೀಸಲಾದದ್ದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪಂಚಾಂಗ ನೋಡಿ ದಿನವನ್ನು ಗೊತ್ತುಮಾಡುವುದು, ಮನೆಮಠಗಳನ್ನು ಬಿಟ್ಟು ಹೊರಡುವುದು, ದಾರಿಯ ಕಷ್ಟಗಳನ್ನು ಸಹಿಸುವುದು, ತೀರ್ಥದಲ್ಲಿ ಮುಳುಗುವುದು, ಕರ್ತವ್ಯವನ್ನು ತೀರಿಸಿ ಮತ್ತೆ ಮನೆಗೆ ಮರಳುವುದು—ಇವೆಲ್ಲ ಬುದ್ಧಿಯುಳ್ಳ ಪ್ರಾಣಿಯ ಲಕ್ಷಣಗಳೆಂದು ತಿಳಿದು ನಾವು ಹೆಮ್ಮೆಪಡುತ್ತೇವೆ. ಆದರೆ ಹಿಂದೂ ಮಹಾಸಾಗರದ ನಡುವೆ ಇರುವ ಒಂದು ಪುಟ್ಟ ದ್ವೀಪದಲ್ಲಿ ಈ ಐದು ಅಂಗಗಳಲ್ಲಿ ಒಂದನ್ನೂ ಬಿಡದೆ ಪ್ರತಿವರ್ಷವೂ ಯಾತ್ರೆಯನ್ನು ನಡೆಸುವ ಸಮುದಾಯವೊಂದಿದೆ. ಆ ಯಾತ್ರಿಕರ ಸಂಖ್ಯೆ ಕೋಟಿಗಳಲ್ಲಿ. ಕಾಲುಗಳು ಒಬ್ಬೊಬ್ಬರಿಗೆ ಹತ್ತು. ಮೈಬಣ್ಣ ದಾಸವಾಳದ ಕೆಂಪು. ಅವು ಏಡಿಗಳು.

ದ್ವೀಪದ ಹೆಸರು ಕ್ರಿಸ್ಮಸ್ ದ್ವೀಪ. ೧೬೪೩ನೆಯ ಇಸವಿ ಡಿಸೆಂಬರ್ ೨೫ರಂದು ಈಸ್ಟ್ ಇಂಡಿಯಾ ಕಂಪೆನಿಯ ಹಡಗೊಂದರ ನಾಯಕನಾಗಿದ್ದ ವಿಲಿಯಂ ಮೈನರ್ಸ್ ಎಂಬಾತ ಇದರ ಪಕ್ಕದಲ್ಲಿ ಹಾದುಹೋಗುತ್ತ, ಅಂದಿನ ಹಬ್ಬದ ಹೆಸರನ್ನೇ ಇದಕ್ಕೆ ಇಟ್ಟುಹೋದನು. ಜಾವಾ ದ್ವೀಪದ ದಕ್ಷಿಣಕ್ಕೆ ಸುಮಾರು ೩೫೦ ಕಿಲೋಮೀಟರು ದೂರದಲ್ಲಿದ್ದರೂ ಇದು ಆಸ್ಟ್ರೇಲಿಯಕ್ಕೆ ಸೇರಿದ್ದು. ೧೮೮೮ರಲ್ಲಿ ಬ್ರಿಟಿಷರ ವಶವಾದ ಈ ನೆಲ ೧೯೫೮ರಲ್ಲಿ ಆಸ್ಟ್ರೇಲಿಯದ ಆಡಳಿತಕ್ಕೆ ಬಂದಿತು. ವಿಸ್ತೀರ್ಣ ೧೩೫ ಚದರ ಕಿಲೋಮೀಟರು ಮಾತ್ರ. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಈಗ ರಾಷ್ಟ್ರೀಯ ಉದ್ಯಾನ. ಸಮುದ್ರದ ತಳದಿಂದೆದ್ದ ಹಳೆಯ ಜ್ವಾಲಾಮುಖಿಯೊಂದರ ತಲೆಯ ಮೇಲೆ ಸುಣ್ಣಕಲ್ಲಿನ ಹೊದಿಕೆ. ಅಂಚಿನಲ್ಲಿ ಕಡಿದಾದ ಬಂಡೆ. ಬಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನೆಲ. ಅದರ ಮೇಲೆ ದಟ್ಟವಾದ ಮಳೆಕಾಡಿನ ಪ್ರಸ್ಥಭೂಮಿ. ೨೦೨೧ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ೧,೬೯೨. ಚೀನೀಯರು, ಮಲಯರು, ಬಿಳಿಯರು ಕೂಡಿ ಬಾಳುವ ಊರು. ಬುದ್ಧನ ಗುಡಿಯೂ ಮಸೀದಿಯೂ ಕೂಗಳತೆಯಲ್ಲಿವೆ. ಫಾಸ್ಫೇಟ್ ಗಣಿಯ ಕೂಲಿಗಾಗಿ ಬಂದವರ ಸಂತತಿಯೇ ಇವರಲ್ಲಿ ಬಹಳ ಮಂದಿ.

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನೆಲೆಸಿರುವ ನಮ್ಮ ಭಾವನವರ ಮನೆಗೆ ಹೋಗುವ ಸಂದರ್ಭ ಒದಗಿದಾಗ, ಅಲ್ಲಿಂದ ೨,೬೦೦ ಕಿಲೋಮೀಟರು ದೂರದ ಈ ದ್ವೀಪವನ್ನು ನೋಡುವ ಆಸೆ ನನ್ನಲ್ಲಿ ಮೂಡಿತು. ಭಾವನವರು ನಕ್ಕರು. “ಅಲ್ಲ ಮಾರಾಯ, ಏಡಿ ನೋಡಲು ಮತ್ತೊಂದು ವಿಮಾನ ಹತ್ತಬೇಕೆ? ನಿಮ್ಮೂರ ಗದ್ದೆಯ ಅಂಚಿನಲ್ಲಿ ಅವು ಬಿಟ್ಟಿ ಸಿಗುತ್ತವಲ್ಲ!” ಎಂದರು. ಮಾತು ಸುಳ್ಳಲ್ಲ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಏಡಿ ಹೊಸದಲ್ಲ. ಮೃಗಶಿರಾ ಮಳೆ ಹಿಡಿದರೆ ಗದ್ದೆಯ ಬದುಗಳಲ್ಲಿ, ಹಳ್ಳದ ಕಲ್ಲುಸಂದಿಗಳಲ್ಲಿ ಅವು ತಲೆಹಾಕುತ್ತವೆ. ಲಾಟೀನು ಹಿಡಿದ ಹುಡುಗರು ಅವನ್ನು ಅಟ್ಟಿಕೊಂಡು ಹೋಗುತ್ತಾರೆ. ಮರುದಿನ ಕೆಲವು ಮನೆಗಳಿಂದ ಏಡಿಸಾರಿನ ಪರಿಮಳ ಬೀದಿಗೆ ಬರುತ್ತದೆ. ಆದರೆ ನಮ್ಮೂರ ಏಡಿ ಮನುಷ್ಯನನ್ನು ಕಂಡರೆ ಬಿಲ ಹುಡುಕುವ ಏಡಿ. ಮನುಷ್ಯನೇ ತನ್ನ ವಾಹನವನ್ನು ನಿಲ್ಲಿಸಿ ದಾರಿ ಬಿಡಬೇಕಾದ ಏಡಿಯನ್ನು ನೋಡುವುದು ಬೇರೆ ವಿಷಯ. ನಾನು ಹೊರಟೆ.

ನವೆಂಬರ್ ತಿಂಗಳ ಮಧ್ಯಭಾಗ. ವಿಮಾನ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ವಸತಿಗೃಹದ ಯಜಮಾನರೇ ಕಾರು ತಂದಿದ್ದರು. ಎಪ್ಪತ್ತು ದಾಟಿದ ಮಲಯ ವೃದ್ಧರು. ಗಣಿಯಲ್ಲಿ ಜೀವಮಾನವೆಲ್ಲ ದುಡಿದು ಈಗ ಪ್ರವಾಸಿಗಳಿಗೆ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಾರೆ. ಊರಿನ ಕಿರಿಯರೆಲ್ಲ ಅವರನ್ನು ‘ಪಾಕ್ ಚಿಕ್’ ಎಂದು ಕರೆಯುತ್ತಾರೆ. ಅದಕ್ಕೆ ಚಿಕ್ಕಪ್ಪ ಎಂಬ ಅರ್ಥವೂ ಇದೆಯೆಂದು ತಿಳಿದಾಗ, ಈ ದೂರದ ನುಡಿಯ ಮೇಲೆ ನನಗೊಂದು ಬಗೆಯ ನೆಂಟಸ್ತಿಕೆಯ ಮಮತೆ ಹುಟ್ಟಿತು. ನಾನೂ ಹಾಗೆಯೇ ಕರೆಯಲಾರಂಭಿಸಿದೆ.

ಕಾರಿನ ಹಿಂಬದಿಯಲ್ಲಿ ತರಗೆಲೆ ಗೋರುವಂತಹ, ಉದ್ದ ಹಿಡಿಯ ಎರಡು ಹಲ್ಲುಕೋಲುಗಳಿದ್ದವು. ಅವು ಏತಕ್ಕೆಂದು ಎರಡು ಮೈಲಿ ಹೋಗುವುದರೊಳಗೆ ತಿಳಿಯಿತು. ತಿರುವೊಂದರಲ್ಲಿ ರಸ್ತೆಯೇ ಕೆಂಪಾಗಿತ್ತು, ಕೆಂಪು ಚಲಿಸುತ್ತಿತ್ತು. ಪಾಕ್ ಚಿಕ್ ಕಾರು ನಿಲ್ಲಿಸಿ ನನ್ನ ಕೈಗೊಂದು ಕೋಲನ್ನು ಕೊಟ್ಟು, “ನೂಕಬೇಡಿ, ಎತ್ತಬೇಡಿ, ಅವು ಎತ್ತ ಹೊರಟಿವೆಯೋ ಅತ್ತಲೇ ಮೆಲ್ಲಗೆ ಸರಿಸಿ. ಹಿಂದಕ್ಕೆ ತಳ್ಳಿದರೆ ಮತ್ತೆ ಬರುತ್ತವೆ” ಎಂದರು. ನಾವಿಬ್ಬರೂ ಮುಂದೆ ಮುಂದೆ ಏಡಿಗಳನ್ನು ಸರಿಸುತ್ತ ಹತ್ತು ಮಾರು ನಡೆಯುವುದು, ಹಿಂದಿರುಗಿ ಬಂದು ಕಾರನ್ನು ಹತ್ತು ಮಾರು ಓಡಿಸುವುದು, ಮತ್ತೆ ಇಳಿಯುವುದು. ಹಿಂದಿನ ಕಾಲದಲ್ಲಿ ಪಲ್ಲಕ್ಕಿಯ ಮುಂದೆ ಕಂಚುಕಿಗಳು ದಾರಿ ಬಿಡಿಸುತ್ತಿದ್ದರಂತೆ. ಇಲ್ಲಿಯೂ ಅದೇ ಕೆಲಸ. ಆದರೆ ಅರಸನಾರು, ಕಂಚುಕಿಯಾರು ಎಂಬುದರ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಕೆಲವು ರಸ್ತೆಗಳನ್ನು ಈ ಕಾಲದಲ್ಲಿ ವಾಹನಗಳಿಗೆ ಮುಚ್ಚಿಯೇ ಬಿಡುತ್ತಾರೆ. ಬೇರೆ ಕಡೆಗಳಲ್ಲಿ ಉದ್ದಕ್ಕೂ ಗಿಡ್ಡ ಬೇಲಿಗಳನ್ನು ಕಟ್ಟಿ, ಏಡಿಗಳನ್ನು ರಸ್ತೆಯ ಅಡಿಯ ಸುರಂಗಗಳತ್ತ ತಿರುಗಿಸುತ್ತಾರೆ. ಒಂದೆಡೆಯಂತೂ ಐದು ಮೀಟರು ಎತ್ತರದ ಸೇತುವೆಯನ್ನೇ ಅವುಗಳಿಗಾಗಿ ಕಟ್ಟಿದ್ದಾರೆ. ಏಡಿಗಳು ಅದನ್ನು ಹತ್ತಿ, ರಸ್ತೆಯನ್ನು ದಾಟಿ, ಆಚೆ ಇಳಿದುಹೋಗುವುದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ.

ವಾಚಕರು ಕೇಳಬಹುದು: ಏಡಿಗೆ ಕಾಡಿನಲ್ಲಿ ಏನು ಕೆಲಸ? ಅಲ್ಲಿರುವುದಾದರೆ ಸಮುದ್ರಕ್ಕೆ ಏಕೆ ಹೋಗಬೇಕು? ಈ ಕೆಂಪು ಏಡಿ ನೆಲದ ಪ್ರಾಣಿಯೇ ಹೌದು. ಆದರೆ ಪೂರ್ವಾಶ್ರಮದ ಎರಡು ಋಣಗಳನ್ನು ಅದು ಇನ್ನೂ ತೀರಿಸಿಕೊಂಡಿಲ್ಲ. ಒಂದು, ಅದು ಉಸಿರಾಡುವುದು ಕಿವಿರುಗಳಿಂದ; ಅವು ಒಣಗಿದರೆ ಸಾವು. ಆದ್ದರಿಂದ ಬೇಸಗೆಯೆಲ್ಲ ಬಿಲದಲ್ಲಿ, ಬಾಯಿಗೆ ಎಲೆಗಳನ್ನು ತುರುಕಿಕೊಂಡು, ತೇವವನ್ನು ಕಾಪಾಡಿಕೊಳ್ಳುತ್ತ ಕಾಲ ಕಳೆಯುತ್ತದೆ. ಇನ್ನೊಂದು, ಅದರ ಮರಿಗಳು ಉಪ್ಪುನೀರಿನಲ್ಲಿಯೇ ಬೆಳೆಯಬೇಕು. ಹೀಗೆ ಸಂಸಾರ ಕಾಡಿನಲ್ಲಿ, ತವರುಮನೆ ಕಡಲಿನಲ್ಲಿ. ಮೊದಲ ಮಳೆ ಬಿದ್ದು ನೆಲ ತಣಿದೊಡನೆ, ಅಕ್ಟೋಬರ್–ನವೆಂಬರ್ ವೇಳೆಗೆ, ಯಾತ್ರೆ ಆರಂಭವಾಗುತ್ತದೆ. ಮಳೆ ತಡವಾದರೆ ಯಾತ್ರೆಯೂ ತಡ. ಮೊದಲು ಗಂಡುಗಳು, ಅವುಗಳೊಡನೆ ಸೇರಿಕೊಳ್ಳುವ ಹೆಣ್ಣುಗಳು. ಐದಾರು ದಿನಗಳ ನಡಿಗೆಯ ಮೇಲೆ ಕಡಲನ್ನು ಮುಟ್ಟಿ, ನೀರಿನಲ್ಲಿ ಮಿಂದು, ಗಂಡುಗಳು ದಂಡೆಯ ಮೇಲಣ ಮೆಟ್ಟಿಲುನೆಲದಲ್ಲಿ ಬಿಲಗಳನ್ನು ತೋಡುತ್ತವೆ. ಅಲ್ಲಿ ಸಮಾಗಮ. ಬಳಿಕ ಗಂಡುಗಳು ಇನ್ನೊಮ್ಮೆ ಮಿಂದು ಕಾಡಿಗೆ ಹಿಂದಿರುಗುತ್ತವೆ. ನಾವು ರಸ್ತೆಯಲ್ಲಿ ಕಂಡ ದಂಡು ಹೀಗೆ ಮರಳುತ್ತಿದ್ದ ಗಂಡುಗಳದು. ಹೆಣ್ಣುಗಳು ಹನ್ನೆರಡು ಹದಿಮೂರು ದಿನ ತೇವದ ಬಿಲಗಳಲ್ಲಿ ಮೊಟ್ಟೆಗಳನ್ನು ಹೊತ್ತು ಕುಳಿತಿರುತ್ತವೆ. ಒಂದೊಂದರ ಹೊಟ್ಟೆಯ ಅಡಿಯಲ್ಲಿ ಒಂದು ಲಕ್ಷದವರೆಗೆ ಮೊಟ್ಟೆಗಳು.

ಆಶ್ಚರ್ಯದ ಸಂಗತಿಯೆಂದರೆ ಇವುಗಳ ಪಂಚಾಂಗ. ಮೊಟ್ಟೆಗಳನ್ನು ನೀರಿಗೆ ಬಿಡುವುದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ, ಬೆಳಗಾಗುವುದಕ್ಕೆ ಮುಂಚೆ, ಉಬ್ಬರವು ತುಂಬಿ ಇಳಿಯಲಾರಂಭಿಸುವ ಗಳಿಗೆಯಲ್ಲಿ. ಆ ದಿನಗಳಲ್ಲಿ ಕಡಲಿನ ಏರಿಳಿತ ಉಳಿದ ದಿನಗಳಿಗಿಂತ ಕಡಿಮೆ. ದಡದ ಬಂಡೆಗಳಲ್ಲಿ ನಿಂತವರಿಗೆ ಅಪಾಯವೂ ಕಡಿಮೆ. ಮಳೆ ಬೇಗ ಬಂದರೆ ದಾರಿಯಲ್ಲಿ ಸಾವಕಾಶವಾಗಿ ಮೇಯುತ್ತ ನಡೆಯುತ್ತವೆ. ತಡವಾಗಿ ಬಂದರೆ ಓಡುತ್ತವೆ. ಮುಹೂರ್ತಕ್ಕೆ ಸಮಯ ಸಾಲದೆಂದು ಕಂಡರೆ ಮುಂದಿನ ಮಾಸದ ಅಷ್ಟಮಿಗೆ ಕಾಯುತ್ತವೆ. ನಮ್ಮ ಜ್ಯೋತಿಷಿಗಳು ಏಡಿಗೆ ಕರ್ಕಾಟಕ ರಾಶಿಯನ್ನು ಕೊಟ್ಟಿದ್ದಾರೆ. ಈ ಏಡಿಗಳಾದರೋ ಸೂರ್ಯನು ತುಲೆಯಲ್ಲಿರುವಾಗ ಹೊರಟಿದ್ದುವು. ಮುಹೂರ್ತ ಮಾತ್ರ ತಪ್ಪುವುದಿಲ್ಲ.

ಮಾರನೆಯ ದಿನ ಪಾಕ್ ಚಿಕ್ ನನ್ನನ್ನು ಕಾಡಿಗೆ ಕರೆದುಕೊಂಡು ಹೋದರು. ಮೊದಲು ತೋರಿಸಿದ್ದು ಪ್ರಸ್ಥಭೂಮಿಯ ಎತ್ತರವಾದ ಮರಗಳ ಕಾಡು. ನಮ್ಮ ಸಹ್ಯಾದ್ರಿಯ ಕಾಡನ್ನು ಕಂಡವರಿಗೆ ಅಲ್ಲಿ ಏನೋ ಒಂದು ಕೊರತೆ ತೋರುತ್ತದೆ. ತಲೆಯ ಮೇಲೆ ದಟ್ಟವಾದ ಹಸಿರು ಮೇಲ್ಕಟ್ಟು. ಕೆಳಗೆ ಪೊದೆಯಿಲ್ಲ, ಮುಳ್ಳಿಲ್ಲ, ತರಗಿನ ಹಾಸೂ ಇಲ್ಲ. ಹಬ್ಬದ ಮುನ್ನಾದಿನ ಗುಡಿಸಿದ ಅಂಗಳದಂತೆ ನೆಲ ಚೊಕ್ಕಟವಾಗಿತ್ತು. ಗುಡಿಸಿದವರು ಏಡಿಗಳೇ. ಬಿದ್ದ ಎಲೆ, ಹಣ್ಣು, ಹೂವು, ಮೊಳಕೆ, ಯಾವುದನ್ನೂ ಅವು ಬಿಡುವುದಿಲ್ಲ. ತಿಂದದ್ದನ್ನು ಗೊಬ್ಬರವಾಗಿ ಮಣ್ಣಿಗೆ ಕೊಡುತ್ತವೆ. ಬಿಲ ತೋಡಿ ಮಣ್ಣನ್ನು ಸಡಿಲಗೊಳಿಸುತ್ತವೆ. ಯಾವ ಸಸಿ ಬದುಕಬೇಕು, ಯಾವುದು ಬದುಕಬಾರದು ಎಂಬ ತೀರ್ಪು ಕೂಡ ಬಹುಮಟ್ಟಿಗೆ ಅವುಗಳದೇ.

ಅಲ್ಲಿಂದ ಸ್ವಲ್ಪ ದೂರ ಹೋಗಿ ಇನ್ನೊಂದು ಜಾಗದಲ್ಲಿ ನಿಲ್ಲಿಸಿದರು. ಇಲ್ಲಿ ಕಾಡು ನಮ್ಮ ಕಾಡಿನಂತೆಯೇ ಇತ್ತು: ಸೊಂಟದವರೆಗೆ ಬೆಳೆದ ಗಿಡಗಳು, ನೆಲದ ಮೇಲೆ ದಪ್ಪನೆಯ ಎಲೆಗಳ ಹಾಸು. ಕಣ್ಣಿಗೆ ತಂಪಾದ ನೋಟ. “ಚೆನ್ನಾಗಿದೆಯಲ್ಲವೆ?” ಎಂದು ಕೇಳಿದರು ಪಾಕ್ ಚಿಕ್. ಅವರ ದನಿಯಲ್ಲಿ ನಗೆಯಿರಲಿಲ್ಲ. “ಇದು ನಮ್ಮ ಸ್ಮಶಾನ. ಒಂದು ವರ್ಷ ಇಲ್ಲಿಗೆ ಬಂದಾಗ ಬಿಲಗಳ ಬಾಯಲ್ಲೆಲ್ಲ ಖಾಲಿ ಚಿಪ್ಪುಗಳು. ಕಾಲಿಟ್ಟರೆ ಒಣಗಿದ ಹಪ್ಪಳದಂತೆ ಮುರಿಯುತ್ತಿದ್ದುವು. ಸದ್ದೇ ಇರಲಿಲ್ಲ. ಏಡಿಗಳ ಸದ್ದು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅದು ನಿಂತ ಮೇಲೆ.”

ಕೊಂದದ್ದು ಒಂದು ಇರುವೆ. ಗೊತ್ತುಗುರಿಯಿಲ್ಲದೆ ಅತ್ತಿತ್ತ ಓಡುವ ಅದರ ರೀತಿಯಿಂದಾಗಿ ಅದಕ್ಕೆ ಹಳದಿ ಹುಚ್ಚಿರುವೆಯೆಂದು ಹೆಸರು. ೧೯೧೫ರಿಂದ ೧೯೩೪ರ ನಡುವಣ ಯಾವುದೋ ದಿನ, ಹಡಗಿನ ಸಾಮಾನಿನೊಡನೆ, ಅದು ಇಲ್ಲಿಗೆ ಬಂದಿಳಿಯಿತು. ಹಲವು ದಶಕಗಳ ಕಾಲ ಯಾರ ಗಮನಕ್ಕೂ ಬೀಳದೆ ಮೂಲೆಯಲ್ಲಿತ್ತು. ೧೯೮೯ರಲ್ಲಿ ಅದರ ಮಹಾಸಂಸ್ಥಾನವೊಂದು ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು. ೨೦೦೨ರ ಹೊತ್ತಿಗೆ ಅಂಥವು ಸುಮಾರು ೨,೫೦೦ ಹೆಕ್ಟೇರು ಕಾಡನ್ನು ಆಕ್ರಮಿಸಿದ್ದುವು. ಇರುವೆಗೆ ಕಚ್ಚುವ ಬಲವಿಲ್ಲ; ಅದು ಸಿಂಪಡಿಸುವ ಫಾರ್ಮಿಕ್ ಆಮ್ಲವೇ ಅದರ ಆಯುಧ. ಆಮ್ಲ ಕಣ್ಣಿಗೂ ಕೀಲುಗಳಿಗೂ ತಗುಲಿ ಏಡಿ ಕುರುಡಾಗುತ್ತದೆ, ಚಲನೆ ನಿಂತು ಸಾಯುತ್ತದೆ. ಹೀಗೆ ಸತ್ತ ಏಡಿಗಳು ಒಂದು ಕೋಟಿಗೂ ಹೆಚ್ಚೆಂದು ಅಂದಾಜು. ದೂರದ ಕಾಡಿನಿಂದ ಯಾತ್ರೆ ಹೊರಟು ದಾರಿಯಲ್ಲಿ ಇರುವೆಗಳ ಸೀಮೆಯನ್ನು ಹೊಕ್ಕವು ಕೂಡ ಹಿಂದಿರುಗಲಿಲ್ಲ. ಇರುವೆ ಇಷ್ಟು ಕೊಬ್ಬಿದ್ದಕ್ಕೆ ಕಾರಣ ಮರಗಳಲ್ಲಿತ್ತು. ಅರಗಿನ ಹುಳುವಿನ ಜಾತಿಗೆ ಸೇರಿದ, ಇದೂ ಹೊರಗಿನಿಂದಲೇ ಬಂದ, ಒಂದು ಕೀಟ ಮರದ ರಸವನ್ನು ಹೀರಿ ಸಿಹಿಯಾದ ಅಂಟನ್ನು ಸ್ರವಿಸುತ್ತದೆ. ಇರುವೆಗೆ ಅದೇ ಮೃಷ್ಟಾನ್ನ. ಪ್ರತಿಯಾಗಿ ಅದು ಕೀಟವನ್ನು ಕಾಯುತ್ತದೆ. ಅಂಟು ಸುರಿದ ಎಲೆಗಳಿಗೆ ಕರಿಯ ಬೂಷ್ಟು ಹಿಡಿದು ಮರಗಳು ಸೊರಗುತ್ತವೆ. ಅರಗಿನ ಮನೆಯ ಕಥೆ ನಮಗೆ ಗೊತ್ತು. ಇಲ್ಲಿ ಅರಗಿನ ಹುಳು ಕಾಡಿಗೆ ಕಾಡನ್ನೇ ಅಂಥ ಮನೆಯಾಗಿ ಮಾಡಿತ್ತು.

ಹೆಲಿಕಾಪ್ಟರಿನಿಂದ ವಿಷದ ಕಾಳುಗಳನ್ನು ೨೦೦೨ರಲ್ಲಿಯೂ ೨೦೦೯ರಲ್ಲಿಯೂ ಆಮೇಲೆಯೂ ಸುರಿದರು. ಇರುವೆ ತಗ್ಗಿತು, ಅಳಿಯಲಿಲ್ಲ. ಕಡೆಗೆ ಹಲವು ವರ್ಷಗಳ ಪರೀಕ್ಷೆ ನಡೆಸಿ, ೨೦೧೬ರ ಡಿಸೆಂಬರಿನಲ್ಲಿ ಮಲೇಷ್ಯದಿಂದ ತಂದ ಒಂದು ಅತಿ ಸಣ್ಣ ಕಣಜವನ್ನು ಕಾಡಿಗೆ ಬಿಟ್ಟರು. ಅದು ಇರುವೆಯ ಗೊಡವೆಗೆ ಹೋಗುವುದಿಲ್ಲ, ಮನುಷ್ಯನನ್ನು ಕುಟುಕುವುದಿಲ್ಲ. ಅರಗಿನ ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಅಡಿಗೆಯನ್ನೇ ನಿಲ್ಲಿಸಿದರೆ ಅತಿಥಿ ತಾನಾಗಿ ಏಳುವನೆಂಬ ಯುಕ್ತಿ. ಹಡಗಿನಲ್ಲಿ ಬಂದ ಕೇಡನ್ನು ಕಳೆಯಲು ಮತ್ತೊಂದನ್ನು ತರುವುದು ಎಷ್ಟರಮಟ್ಟಿಗೆ ಸರಿಯೆಂಬ ಅಳುಕು ನನಗೆ ಇಲ್ಲದಿರಲಿಲ್ಲ. ಅದನ್ನು ಹೇಳಿದಾಗ ಪಾಕ್ ಚಿಕ್ ತಲೆಯಾಡಿಸಿ, “ನಮಗೂ ಆ ಹೆದರಿಕೆ ಇತ್ತು. ಆದರೆ ಇರುವೆ ಬಂದಾಗ ಯಾರೂ ಪರೀಕ್ಷಿಸಿ ತಂದಿರಲಿಲ್ಲ. ಈ ಸಲ ಕೇಳಿ, ನೋಡಿ ತಂದರು. ಅಷ್ಟಾದರೂ ಕಲಿತೆವಲ್ಲ” ಎಂದರು.

ಈ ದ್ವೀಪದ ಚರಿತ್ರೆಯಲ್ಲಿ ಅಂಥ ಅತಿಥಿಗಳು ಇನ್ನೂ ಇದ್ದಾರೆ. ೧೮೯೯ರಲ್ಲಿ ‘ಹಿಂದೂಸ್ಥಾನ್’ ಎಂಬ ಹಡಗಿನಲ್ಲಿ ಕರಿಯ ಇಲಿಗಳು ಬಂದುವು. ಅವು ತಂದ ರೋಗದಿಂದ ದ್ವೀಪದ ಎರಡು ಜಾತಿಯ ಮೂಲ ಇಲಿಗಳು ಐದಾರು ವರ್ಷಗಳೊಳಗೆ ನಿರ್ವಂಶವಾದುವು. ಆ ಇಲಿಗಳು ಏಡಿಗಳ ಸಂಖ್ಯೆಯನ್ನು ಹತೋಟಿಯಲ್ಲಿಟ್ಟಿದ್ದಿರಬೇಕು, ಅವು ಅಳಿದ ಮೇಲೆಯೇ ಏಡಿಗಳು ಈ ಪರಿಯಾಗಿ ಹೆಚ್ಚಿದುವು ಎಂದು ಕೆಲವು ವಿದ್ವಾಂಸರ ಊಹೆ. ಊಹೆ ನಿಜವಾದರೆ, ಜಗತ್ತು ಬೆರಗಾಗಿ ನೋಡುವ ಈ ಕೆಂಪು ಯಾತ್ರೆಯ ಹಿಂದೆಯೂ ಒಂದು ಮರಣದ ನೆರಳಿದೆ. ಪ್ರಕೃತಿಯ ಮೂಲಸ್ಥಿತಿ ಇದೇ ಎಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ನಮ್ಮ ಕಾಲಕ್ಕೆ ಒದಗಿಬಂದದ್ದನ್ನು ಕೆಡದಂತೆ ಕಾಪಾಡುವುದಷ್ಟೇ ನಮ್ಮ ಪಾಲಿನದು.

ಅಂದು ರಾತ್ರಿ ತೆಂಗಿನ ಬುಡದಲ್ಲಿ ಬೇರೊಬ್ಬ ಮಹಾಶಯನ ದರ್ಶನವಾಯಿತು. ಬ್ಯಾಟರಿಯ ಬೆಳಕಿಗೆ ಮೊದಲು ಕಂಡದ್ದು ಬೊಗಸೆಯಷ್ಟು ದಪ್ಪನೆಯ ಕೊಂಡಿ. ಬಳಿಕ ನೀಲಿ–ಕಂದು ಬಣ್ಣದ, ಚಿಕ್ಕ ನಾಯಿಮರಿಯಷ್ಟು ದೊಡ್ಡ ಮೈ. ಅದು ಕಳ್ಳ ಏಡಿ. ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲೆಲ್ಲ ದೊಡ್ಡದು. ನಾಲ್ಕು ಕಿಲೋಗ್ರಾಮಿನವರೆಗೆ ತೂಗುತ್ತದೆ. ಮರ ಹತ್ತುತ್ತದೆ, ತೆಂಗಿನಕಾಯನ್ನು ಸುಲಿದು ಒಡೆಯುತ್ತದೆ. ಆದರೆ ಬೆಳೆದ ಮೇಲೆ ಅದಕ್ಕೆ ಈಜು ಬಾರದು. ನೀರಿನಲ್ಲಿ ಮುಳುಗಿದರೆ ಸತ್ತುಹೋಗುತ್ತದೆ. ಪಾತ್ರೆ ಪದಾರ್ಥಗಳನ್ನು ಎಳೆದುಕೊಂಡು ಹೋಗುವುದರಿಂದ ಈ ಹೆಸರು. ನಮ್ಮ ನಿಕೋಬಾರ್ ದ್ವೀಪಗಳಲ್ಲಿಯೂ ಇದೆ. ನಮ್ಮ ಕಾಯಿದೆ ಇದಕ್ಕೆ ಹುಲಿಗೆ ಕೊಟ್ಟಂಥದೇ ರಕ್ಷಣೆಯನ್ನು ಕೊಟ್ಟಿದೆ. ಅದು ನನ್ನನ್ನೊಮ್ಮೆ ನೋಡಿ, ಗಣ್ಯ ವ್ಯಕ್ತಿಯಲ್ಲವೆಂದು ತೀರ್ಮಾನಿಸಿದಂತೆ, ನಿಧಾನವಾಗಿ ಮುಂದೆ ಸರಿಯಿತು.

ಐದನೆಯ ದಿನ, ಅಷ್ಟಮಿ. ಬೆಳಗಿನ ಜಾವ ಮೂರೂವರೆಗೆ ಎದ್ದು ಕಡಲದಂಡೆಗೆ ಹೋದೆವು. ಅರ್ಧಚಂದ್ರ ನೆತ್ತಿಯ ಕಡೆಗೆ ಏರಿದ್ದನು. ಕಣ್ಣು ಕತ್ತಲೆಗೆ ಒಗ್ಗಿದಂತೆ, ಬಂಡೆಗಳು ಬಂಡೆಗಳಾಗಿ ಉಳಿಯಲಿಲ್ಲ. ಒಂದರ ಮೇಲೊಂದು, ಒತ್ತಾಗಿ, ನೀರಿನ ಅಂಚಿನವರೆಗೂ ಹೆಣ್ಣೇಡಿಗಳು. ಚಿಪ್ಪಿಗೆ ಚಿಪ್ಪು ತಗಲುವ ಕಟಕಟ ಸದ್ದು ಅಲೆಗಳ ಮೊರೆತದ ನಡುವೆಯೂ ಕೇಳುತ್ತಿತ್ತು. ಪಾಕ್ ಚಿಕ್ ಹೇಳಿದ ಸದ್ದು ಇದೇ ಎಂದು ತಿಳಿದೆ. ಅಲೆ ಬಂದು ತಾಗಿದೊಡನೆ ಏಡಿ ಕೊಂಡಿಗಳನ್ನು ಮೇಲೆತ್ತಿ, ಮೈಯನ್ನು ಜೋರಾಗಿ ಅಲ್ಲಾಡಿಸಿ, ಹೊಟ್ಟೆಯಡಿಯ ಕಪ್ಪನೆಯ ರಾಶಿಯನ್ನು ನೀರಿಗೆ ಕೊಡವುತ್ತದೆ. ನೀರು ಮುಟ್ಟುತ್ತಲೇ ಮೊಟ್ಟೆಗಳು ಒಡೆಯುತ್ತವೆ. ಕೆಲವು ಏಡಿಗಳು ಕೆಳಗಿಳಿಯಲಾರದೆ ಎತ್ತರದ ಬಂಡೆಯಿಂದಲೇ ಕೊಡವಿದುವು. ಕೆಲವನ್ನು ಅಲೆ ಎಳೆದುಕೊಂಡು ಹೋಯಿತು. ಮೂಡಣ ಕೆಂಪಾಗುವ ಹೊತ್ತಿಗೆ ದಡದ ನೀರು ಕದಡಿ ಬಗ್ಗಡವಾಗಿತ್ತು. ಹೊರೆ ಇಳುಹಿದವು ಕಾಡಿನತ್ತ ತಿರುಗಿದ್ದುವು.

ನಮ್ಮ ಹಳೆಯ ಕಾವ್ಯಗಳಲ್ಲಿ ಹೆಣ್ಣೇಡಿಯ ಬಸಿರನ್ನು ಆತ್ಮನಾಶಕ್ಕೆ ಉಪಮಾನವಾಗಿ ಹೇಳುವುದುಂಟು; ಫಲ ಬಿಟ್ಟು ಸಾಯುವ ಬಾಳೆಯಂತೆ, ಬಿದಿರಿನಂತೆ, ಏಡಿಯೂ ತನ್ನ ಮರಿಗಳಿಂದಲೇ ಸಾಯುವುದೆಂಬ ನಂಬಿಕೆ. ತರಗತಿಯಲ್ಲಿ ಆ ಉಪಮೆಯನ್ನು ನಾನು ವಿವರಿಸಿದ್ದೇನೆ. ಮುಂದೆಯೂ ವಿವರಿಸುವೆ, ಕವಿಯ ಮಾತಿಗೆ ಅದರ ಬೆಲೆ ಇದ್ದೇ ಇದೆ. ಆದರೆ ಆ ಬೆಳಗಿನಲ್ಲಿ ಕಂಡ ತಾಯಿ ಸಾಯಲು ಬಂದವಳಲ್ಲ. ಲಕ್ಷ ಜೀವಗಳನ್ನು ಕಡಲಿಗೆ ಒಪ್ಪಿಸಿ, ಬಳಲಿದ ಕಾಲುಗಳನ್ನು ಎಳೆಯುತ್ತ, ಬಂದ ಬೆಟ್ಟವನ್ನು ಮತ್ತೆ ಏರಿ, ತನ್ನ ಬಿಲವನ್ನು ಸೇರುವವಳು. ಮುಂದಿನ ಮಳೆಗೆ ಮತ್ತೆ ಹೊರಡುವವಳು.

ಒಪ್ಪಿಸಿದ ಜೀವಗಳ ಗತಿಯೇನು? ಬಹುಭಾಗ ಮೀನುಗಳ ಪಾಲು. ತಿಮಿಂಗಿಲ ಶಾರ್ಕ್ ಎಂಬ ಬೃಹತ್ತಾದ ಮೀನು ಈ ಔತಣಕ್ಕೆಂದೇ ಇತ್ತ ಬರುತ್ತದೆ. ಉಳಿದವು ಸುಮಾರು ಒಂದು ತಿಂಗಳು ಕಡಲಿನಲ್ಲಿ ತೇಲುತ್ತ, ರೂಪದ ಮೇಲೆ ರೂಪವನ್ನು ಬದಲಿಸಿ, ಐದು ಮಿಲಿಮೀಟರಿನ ಪುಟಾಣಿ ಏಡಿಗಳಾಗಿ ದಡ ಹತ್ತುತ್ತವೆ. ಒಂಬತ್ತು ದಿನಗಳಷ್ಟು ನಡೆದು ಪ್ರಸ್ಥಭೂಮಿಯನ್ನು ಮುಟ್ಟಿ, ಕಲ್ಲುಸಂದಿ ಕೊಂಬೆಸಂದಿಗಳಲ್ಲಿ ಮರೆಯಾಗುತ್ತವೆ. ನಾಲ್ಕೈದು ವರ್ಷಗಳ ನಂತರ ಅವೇ ಯಾತ್ರಿಕರು. ಆದರೆ ಹೆಚ್ಚಿನ ವರ್ಷಗಳಲ್ಲಿ ದಡ ಹತ್ತುವ ಮರಿಗಳು ಬೆರಳೆಣಿಕೆಯಷ್ಟು. ಒಂದೂ ಬಾರದ ವರ್ಷಗಳೂ ಉಂಟು. ದಶಕದಲ್ಲಿ ಒಮ್ಮೆಯೋ ಎರಡು ಸಲವೋ ಮಾತ್ರ ಅವು ಪ್ರವಾಹದಂತೆ ಬರುತ್ತವೆ. ಆ ಒಂದೆರಡು ವರ್ಷಗಳ ಬೆಳೆಯೇ ಇಡೀ ಸಂತತಿಯನ್ನು ಉಳಿಸುತ್ತದೆ. ೨೦೧೫, ೨೦೧೬ರ ಸುಗ್ಗಿಯ ಫಲವಾಗಿ ಏಡಿಗಳ ಸಂಖ್ಯೆ ಚೇತರಿಸಿಕೊಂಡು ಇತ್ತೀಚಿನ ಅಂದಾಜಿನಂತೆ ಹತ್ತು ಕೋಟಿಯನ್ನು ಮೀರಿದೆ.

ಅಂಥದೊಂದು ವರ್ಷ ತಮ್ಮ ಮನೆಯ ಗೋಡೆ, ಮೆಟ್ಟಿಲು, ನೀರಿನ ತೊಟ್ಟಿ ಎಲ್ಲವೂ ಕೆಂಪಾಗಿದ್ದುದನ್ನು ಪಾಕ್ ಚಿಕ್ ವರ್ಣಿಸಿದ್ದರು. “ಕಾಲಿಡಲು ಜಾಗವಿಲ್ಲದೆ ಮೂರು ದಿನ ಹೊರಗೆ ಹೋಗಲಿಲ್ಲ. ನನ್ನ ಹೆಂಡತಿ ಬಾಗಿಲಿನಲ್ಲಿ ಕುಳಿತು ಅಳುತ್ತಿದ್ದಳು, ಸಂತೋಷಕ್ಕೆ” ಎಂದಿದ್ದರು. ನಾನು ಹೊರಡುವಾಗ, ಈ ಸಲ ಮರಿಗಳು ಬಂದರೆ ತಿಳಿಸಬೇಕೆಂದು ಕೇಳಿಕೊಂಡು ಬಂದಿದ್ದೆ. ಊರಿಗೆ ಬಂದು, ಕಾಲೇಜು ತೆರೆದು, ಪಾಠಗಳ ಗಡಿಬಿಡಿಯಲ್ಲಿದ್ದಾಗ ಅವರ ಸಂದೇಶ ಬಂದಿತು: “ಈ ವರ್ಷ ಬರಲಿಲ್ಲ. ಬೇಲಿಗಳನ್ನು ಬಿಚ್ಚಿ ಒಳಗಿಟ್ಟಿದ್ದಾರೆ. ಮುಂದಿನ ಮಳೆಗೆ ಮತ್ತೆ ಕಟ್ಟುತ್ತಾರೆ.”

ಸಂದೇಶದಲ್ಲಿ ಅಳಲೂ ಇರಲಿಲ್ಲ, ಭರವಸೆಯ ದೊಡ್ಡ ಮಾತೂ ಇರಲಿಲ್ಲ. ಫಲ ಬರುವುದೋ ಇಲ್ಲವೋ ಎಂಬುದು ಕಡಲಿನ ಕೈಯಲ್ಲಿದೆ. ದಾರಿಯನ್ನು ತೆರವಾಗಿಡುವುದು ಮಾತ್ರ ದಡದಲ್ಲಿರುವವರ ಕೈಯಲ್ಲಿದೆ. ಸಾವಿರದ ಏಳುನೂರು ಜನರಿರುವ ಆ ಪುಟ್ಟ ಊರು ಅಷ್ಟನ್ನು ತಪ್ಪದೆ ಮಾಡುತ್ತಿದೆ.